ಕೆಟಮರಾನ್ ಬೋಟಿಗೆ ಟ್ರಿಮ್ ಟ್ಯಾಬ್ ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತಾ?

27 ಅಡಿ ಕೆಟಮರಾನ್ (ಎರಡು ಒಡಲಿನ ಬೋಟು), ಹಿಂದೆ ಹೊರಗೆ ತೂಗುವ ಎರಡು ಔಟ್‌ಬೋರ್ಡ್ ಎಂಜಿನ್, ಸ್ಪೀಡ್ ಏರಿದ ಕೂಡಲೇ ಮೂತಿ, ಅಂದ್ರೆ ಬೋಟಿನ ಮುಂಭಾಗ, ಮೇಲೆ ಕೆಳಗೆ ಕುಣಿಯುತ್ತೆ, ಹಿಂಬದಿಗೆ ಟ್ರಿಮ್ ಟ್ಯಾಬ್ ಅನ್ನೋ ಏರಿಸಿ ಇಳಿಸೋ ತಟ್ಟೆ ಹಾಕಿದರೆ ಕುಣಿತ ನಿಂತು ನಾಲ್ಕು ನಾಟ್ (ಗಂಟೆಗೆ ಸುಮಾರು ಏಳು ಕಿ.ಮೀ.) ಜಾಸ್ತಿ ಸಿಗುತ್ತಾ, ಎಷ್ಟು ದೊಡ್ಡದು ಬೇಕು ಅಂತ ಕೇಳಿದ್ದೀರಿ. ಓದಿ ನಗು ಬಂತು. ಆರು ವರ್ಷದ ಹಿಂದೆ ಕಾರವಾರದಲ್ಲಿ ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಕೇಳುತ್ತಿದ್ದೆ. ಉತ್ತರಕ್ಕೆ ಕಾಯದೆ ಹಾಕಿಸಿಯೂ ಬಿಟ್ಟೆ.

ನಮ್ಮದೂ ಕೆಟಮರಾನೇ, ಟೂರಿಸ್ಟ್ ಬೋಟು, 26 ಅಡಿ, ಎರಡು 115 ಎಚ್‌ಪಿ ಎಂಜಿನ್. ಕೋಡಿಬಾಗದಿಂದ ಹೊರಟು ಕಾಳಿ ನದಿಯ ಅಳಿವೆ (ನದಿ ಸಮುದ್ರ ಸೇರೋ ಜಾಗ) ದಾಟಿ, ಕೂರ್ಮಗಡ ದ್ವೀಪದ ಕಡೆ ಡಾಲ್ಫಿನ್ ತೋರಿಸಿ ವಾಪಸ್ ಬರೋದು. ಟ್ಯಾಬ್ ಹಾಕಿಸಿದ ಮೊದಲ ದಿನ ಎರಡೂ ಸ್ವಲ್ಪ ಇಳಿಸಿದೆ, ಕುಣಿತ ನಿಂತೇ ಹೋಯ್ತು. ಖುಷಿಯಲ್ಲಿ ಜಿಪಿಎಸ್ ನೋಡಿದರೆ 34 ನಾಟ್ ಇದ್ದದ್ದು 31ಕ್ಕೆ ಬಂದಿದೆ!

ಆಗ ಅರ್ಥ ಆಗಲಿಲ್ಲ, ಈಗ ಆಗುತ್ತೆ. ಟ್ಯಾಬ್ ಅಂದ್ರೆ ಹಿಂಬದಿಯ ಅಂಚಿಗೆ ಕೀಲು ಹಾಕಿ ಕೂರಿಸಿದ ತಟ್ಟೆ, ಅಷ್ಟೇ. ಇಳಿಸಿದರೆ ನೀರು ಅದಕ್ಕೆ ಒತ್ತಿ ಬೋಟಿನ ಹಿಂಭಾಗ ಎತ್ತುತ್ತೆ, ಮೂತಿ ತಗ್ಗುತ್ತೆ. ಒಂದೇ ಒಡಲಿನ ಬೋಟು ಹಿಂದೆ ಕುಸಿದು ಕೂತಾಗ ಇದರಿಂದ ಲಾಭ ಇದೆ. ಆದರೆ ವೇಗದ ಕೆಟಮರಾನ್ ಓಡೋದೇ ಬೇರೆ ಥರ. ಎರಡು ಒಡಲಿನ ನಡುವಿನ ಟನಲ್‌ಗೆ ಗಾಳಿ ನುಗ್ಗಿ ಬೋಟನ್ನು ಸ್ವಲ್ಪ ಮೇಲೆ ಹೊರುತ್ತೆ, ನೀರಿನ ಎಳೆತ ಕಡಿಮೆ ಆಗುತ್ತೆ. ನೀವು ಟ್ಯಾಬ್ ಇಳಿಸಿ ಮೂತಿ ಬಗ್ಗಿಸಿದರೆ ಆ ಗಾಳಿಯ ಬಾಗಿಲನ್ನೇ ಅರ್ಧ ಮುಚ್ಚಿದ ಹಾಗೆ. ಮೇಲಿಂದ ತಟ್ಟೆಯ ಎಳೆತ ಬೇರೆ.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯ್ತು ಅಂತ ಸುಮ್ನಿರುತ್ತಿದ್ದೆ. ಮುಂದೆ ಆದದ್ದು ಕೇಳಿ.

ಮೇ ತಿಂಗಳು, ಸಂಜೆ. ಒಂಬತ್ತು ಜನ ಇದ್ದರು. ಎಡಗಡೆ ಡಾಲ್ಫಿನ್ ಕಂಡಿತು ಅಂತ ಎಲ್ಲರೂ ಎಡಕ್ಕೇ ಬಂದರು, ಬೋಟು ವಾಲಿತು. ನಾನು ಜಾಣ ಅಲ್ವಾ, ಎಡ ಟ್ಯಾಬ್ ಪೂರ್ತಿ ಇಳಿಸಿ ಬೋಟು ನೇರ ಮಾಡಿದೆ. ವಾಪಸ್ ಹೊರಟಾಗ ಜನ ತಮ್ಮ ತಮ್ಮ ಸೀಟಿಗೆ ಹೋದರು. ಟ್ಯಾಬ್ ಮಾತ್ರ ಇಳಿದೇ ಇತ್ತು. ಸ್ವಿಚ್ ಒತ್ತಿ ಬಿಟ್ಟರೆ ನಡುವೆ ಬಂದು ನಿಲ್ಲುತ್ತೆ, ತಟ್ಟೆ ಎಲ್ಲಿದೆ ಅಂತ ಅದನ್ನು ನೋಡಿ ಗೊತ್ತಾಗೋದಿಲ್ಲ. ತೋರಿಸೋ ಇಂಡಿಕೇಟರ್ ಬೇರೆ ದುಡ್ಡು ಅಂತ ನಾನೇ ಬೇಡ ಅಂದಿದ್ದೆ.

ಎಡ ತಟ್ಟೆ ಇಳಿದಿದ್ದರೆ ಎಡದ ಹಿಂಭಾಗ ಏಳುತ್ತೆ, ಅಂದ್ರೆ ಅದರ ಎದುರು ಮೂಲೆ, ಬಲ ಒಡಲಿನ ಮೂತಿ, ಕೆಳಗೆ ಹೋಗುತ್ತೆ. ಇದನ್ನು ಮೂರು ಸಲ ಓದಿ. ಎಡ ತಟ್ಟೆಯ ಎಳೆತಕ್ಕೆ ಬೋಟು ಎಡಕ್ಕೂ ಎಳೆಯುತ್ತಿತ್ತು, ಕೆಟಮರಾನ್‌ನಲ್ಲಿ ತಟ್ಟೆಗಳು ದೂರ ದೂರ ಇರೋದರಿಂದ ಆ ಎಳೆತ ಜಾಸ್ತಿ. ನಾನು ಗಾಳಿ ಇರಬೇಕು ಅಂದುಕೊಂಡು ಸ್ಟೀರಿಂಗ್ ಬಲಕ್ಕೆ ಹಿಡಿದೇ ಬಂದೆ.

ಅಳಿವೆಯಲ್ಲಿ ಇಳಿತ. ನದಿ ನೀರು ಹೊರಗೆ ಹೋಗುತ್ತಿದೆ, ಪಡುಗಾಳಿಯ ತೆರೆ ಒಳಗೆ ಬರುತ್ತಿದೆ, ಎರಡೂ ಡಿಕ್ಕಿ ಹೊಡೆದು ತೆರೆ ಗೋಡೆ ಥರ ನಿಂತಿದೆ. ಹಿಂದಿನಿಂದ ಒಂದು ತೆರೆ ಬಂದು ಬಾಲ ಎತ್ತಿತು, ಟ್ಯಾಬ್ ಅದನ್ನು ಇನ್ನಷ್ಟು ಎತ್ತಿತು, ಮೊದಲೇ ತಗ್ಗಿದ್ದ ಬಲ ಮೂತಿ ಮುಂದಿನ ತೆರೆಯ ಬೆನ್ನಿಗೆ ಚುಚ್ಚಿಕೊಂಡಿತು. ಬೋಟು ಬಲಕ್ಕೆ ಗರಕ್ಕನೆ ತಿರುಗಿ ಅಡ್ಡ ನಿಂತಿತು. ಮುಂದಿನ ತೆರೆ ಪಕ್ಕದಿಂದ ಒಳಗೇ ಬಂತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ, ಲೈಫ್ ಜಾಕೆಟ್ ಎಲ್ಲರಿಗೂ ಇತ್ತು. ಒಬ್ಬರ ಚಪ್ಪಲಿ ನೀರಲ್ಲಿ ತೇಲುತ್ತಾ ನನ್ನ ಕಾಲಿನ ಹತ್ತಿರ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಲ ಎಂಜಿನ್ ನೀರು ಕುಡಿದು ಸತ್ತಿತು. ಎಡ ಎಂಜಿನ್‌ನಲ್ಲೇ ತೆವಳಿಕೊಂಡು ಒಳಗೆ ಬಂದೆವು. ರಿಪೇರಿಗೆ ಒಂದು ಲಕ್ಷ ನಲವತ್ತು ಸಾವಿರ. ಆ ಸೀಸನ್ ಅಲ್ಲಿಗೇ ಮುಗಿಯಿತು.

ಮರುದಿನ ಕಾರವಾರದ ಬೈತಖೋಲ ಬಂದರಿನ ಒಬ್ಬ ಹಳೇ ತಾಂಡೇಲರು (ಮೀನು ಬೋಟು ನಡೆಸೋರು) ನಮ್ಮ ಬೋಟು ನೋಡಿ ಹೇಳಿದರು, "ತಮ್ಮಾ, ಬೆನ್ನಿಗೆ ತೆರೆ ಇದ್ದಾಗ ಮೂತಿ ಎತ್ತಿಕೊಂಡು ಬರ್ಬೇಕು ಮಾರಾಯ, ನೀನು ಬಗ್ಗಿಸಿಕೊಂಡು ಬಂದಿದ್ದೆ." ಅವರು ಟ್ರಿಮ್ ಟ್ಯಾಬ್ ಅನ್ನೋ ಹೆಸರೇ ಕೇಳಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಟ್ಯಾಬ್ ಎಷ್ಟು ದೊಡ್ಡದು ಬೇಕು ಅನ್ನೋದೇ ತಪ್ಪು ಪ್ರಶ್ನೆ. ಸ್ಪೀಡ್ ಬೇಕಾದರೆ ತಟ್ಟೆ ಕಡೆ ನೋಡಲೇಬೇಡಿ, ಫ್ಯಾನಿನ (ಪ್ರೊಪೆಲ್ಲರ್) ಪಿಚ್, ಅಂದ್ರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಅನ್ನೋ ಅಳತೆ, ಮತ್ತು ಎಂಜಿನ್ ಕೂರಿಸಿದ ಎತ್ತರ ನೋಡಿಸಿ. ಕುಣಿತ ಹೆಚ್ಚಾಗಿ ಹಿಂದೆ ತೂಕ ಜಾಸ್ತಿ ಆಗಿ ಬರುತ್ತೆ, ಇಲ್ಲಾ ಎಂಜಿನ್ ತೀರಾ ಹೊರಕ್ಕೆ ಟ್ರಿಮ್ ಮಾಡಿದ್ದರೆ, ಅಂದ್ರೆ ಅದರ ಕೆಳಭಾಗ ಬೋಟಿನಿಂದ ಆಚೆಗೆ ವಾಲಿಸಿದ್ದರೆ. ಹೊರಡುವಾಗ ಎಂಜಿನ್ ಪೂರ್ತಿ ಒಳಗೆ, ಆಮೇಲೆ ಸ್ವಲ್ಪ ಸ್ವಲ್ಪ ಹೊರಗೆ, ಮೂತಿ ಕುಣಿಯೋಕೆ ಶುರುವಾದ ಕೂಡಲೇ ಒಂದು ಚೂರು ವಾಪಸ್. ನಮ್ಮ ಬೋಟಿನಲ್ಲಿ ಎರಡು ಬ್ಯಾಟರಿ ಮತ್ತು ಲಂಗರು ಮುಂದಕ್ಕೆ ಸರಿಸಿದ ಮೇಲೆ ಮುಕ್ಕಾಲು ಕುಣಿತ ಹೋಯ್ತು, ಖರ್ಚು ಅಂದ್ರೆ ವೈರು ಮತ್ತು ನಾಲ್ಕು ಬೋಲ್ಟು.

ಹಾಗಂತ ಟ್ಯಾಬ್ ಕಿತ್ತು ಹಾಕಿಲ್ಲ. ಮಧ್ಯಾಹ್ನ ಗಾಳಿಗೆ ಎದುರಾಗಿ ಹೊರಗೆ ಹೋಗುವಾಗ ಸ್ಪೀಡ್ ಇಳಿಸಿ, ಎರಡೂ ಒಂದಿಷ್ಟು ಇಳಿಸಿದರೆ ಬೋಟು ತೆರೆಯನ್ನು ಸೀಳಿಕೊಂಡು ಹೋಗುತ್ತೆ, ಟನಲ್ ಛಾವಣಿಗೆ ನೀರು ಹೊಡೆಯೋ ಡಬ್ ಡಬ್ ಕಡಿಮೆ ಆಗುತ್ತೆ. ಅಷ್ಟೇ ಅದರ ಕೆಲಸ. ಹಾಕಿಸಲೇಬೇಕು ಅಂದ್ರೆ ಚಿಕ್ಕದು ಹಾಕಿಸಿ, ಇಂಡಿಕೇಟರ್ ಮಾತ್ರ ಬಿಡಬೇಡಿ, ಉಪ್ಪು ನೀರು ತಟ್ಟೆ ತಿನ್ನದ ಹಾಗೆ ಸತು ತುಂಡು ಕಟ್ಟಿಸಿ. ನಾನು ಈಗ ಅಳಿವೆ ಕಾಣುತ್ತಿದ್ದ ಹಾಗೆ ಎರಡೂ ಸ್ವಿಚ್ ಮೇಲಕ್ಕೆ ಒತ್ತಿ ಹಿಡಿದು ಬಾಯಲ್ಲೇ ಹತ್ತು ಎಣಿಸುತ್ತೇನೆ. ಟೂರಿಸ್ಟರು ಮಂತ್ರ ಹೇಳ್ತಿದ್ದಾನೆ ಅಂದುಕೊಳ್ಳುತ್ತಾರೆ.

ನಿಮ್ಮ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ, ಬ್ಯಾಟರಿ ಎಲ್ಲಿದೆ, ಜನ ಎಲ್ಲಿ ಕೂರುತ್ತಾರೆ ಅಂತ ಬರೆಯಿರಿ. ಅದು ಗೊತ್ತಾಗೋ ತನಕ ಟ್ಯಾಬಿಗೆ ಒಂದು ರೂಪಾಯಿಯೂ ಕೊಡಬೇಡಿ.