ನೈಟ್ರೇಟ್ ಇಳಿಯುತ್ತಿಲ್ಲ: ಮೆಥನಾಲೋ, ಅಸಿಟೇಟೋ?

ಪ್ರಶ್ನೆ: ನಾನು ಕೊಳಚೆ ನೀರು ಶುದ್ಧೀಕರಣ ಘಟಕವೊಂದರ ಆಪರೇಟರ್. ಅಮೋನಿಯಾ ಪೂರ್ತಿ ಹೋಗುತ್ತಿದೆ, ನೈಟ್ರೇಟ್ ಮಾತ್ರ ಇಳಿಯುತ್ತಿಲ್ಲ. ನೈಟ್ರೇಟ್ ತೆಗೆಯುವ ಬ್ಯಾಕ್ಟೀರಿಯಾಕ್ಕೆ ಇಂಗಾಲದ ಆಹಾರವಾಗಿ ಸಕ್ಕರೆ ದ್ರಾವಣ ಹಾಕಿ ನೋಡಿದೆವು, ಸೆಟ್ಲಿಂಗ್ ಟ್ಯಾಂಕಿನಲ್ಲಿ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಮೇಲೆದ್ದಿತು. ಮೆಥನಾಲ್ ತರಿಸುವುದೋ, ಸೋಡಿಯಂ ಅಸಿಟೇಟೋ?

ಉತ್ತರ: ಎರಡನ್ನೂ ತರಿಸುವ ಮೊದಲು, ಏರೇಷನ್ (ಗಾಳಿ ಊದುವ) ಟ್ಯಾಂಕಿನಿಂದ ವಾಪಸು ಬರುವ ರಿಸೈಕಲ್ ಪೈಪಿನ ನೀರು ಅನಾಕ್ಸಿಕ್ (ಗಾಳಿ ಊದದ) ಟ್ಯಾಂಕಿಗೆ ಬೀಳುವ ಕಡೆ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಮೀಟರ್ ಇಳಿಬಿಡಿ. ಅಲ್ಲಿ ಇಂಗಾಲ ತಿಂದು ನೈಟ್ರೇಟನ್ನು ಸಾರಜನಕದ ಅನಿಲವಾಗಿಸುವ ಬ್ಯಾಕ್ಟೀರಿಯಾ, ಆಮ್ಲಜನಕ ಸಿಗುವಷ್ಟು ಹೊತ್ತು ನೈಟ್ರೇಟ್ ಕಡೆ ತಿರುಗಿಯೂ ನೋಡುವುದಿಲ್ಲ. ಲೀಟರಿಗೆ 2 ಮಿ.ಗ್ರಾಂ ಆಮ್ಲಜನಕವಿರುವ ನೀರು ಒಳಹರಿವಿನ ನಾಲ್ಕು ಪಟ್ಟು ವಾಪಸಾಗುತ್ತಿದೆ ಅಂದುಕೊಳ್ಳಿ. ಒಳಬರುವ ಪ್ರತಿ ಲೀಟರಿನ ತಲೆಗೆ 8 ಮಿ.ಗ್ರಾಂ ಆಯಿತು. 2.86 ಮಿ.ಗ್ರಾಂ ಆಮ್ಲಜನಕ 1 ಮಿ.ಗ್ರಾಂ ನೈಟ್ರೇಟ್ ಸಾರಜನಕಕ್ಕೆ (ನೈಟ್ರೇಟಿನಲ್ಲಿರುವ ಸಾರಜನಕಕ್ಕೆ) ಸಮ, ಹಾಗಾಗಿ 2.86ರಿಂದ ಭಾಗಿಸಿ: ಸುಮಾರು 2.8 ಮಿ.ಗ್ರಾಂ ನೈಟ್ರೇಟ್ ಸಾರಜನಕವನ್ನು ತೆಗೆಯಬಹುದಾಗಿದ್ದ ಇಂಗಾಲ ಸುಮ್ಮನೆ ಉರಿದುಹೋಯಿತು. ದುಡ್ಡು ಕೊಟ್ಟು ತಂದ ಮೆಥನಾಲಿಗೂ ಅದೇ ಗತಿ.

ಇನ್ನು ಸ್ಲಡ್ಜ್. ತಪ್ಪು ಸಕ್ಕರೆಯದೇ ಅಂತ ಈಗಲೇ ಹೇಳಲಾರೆ. ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಸಿಲಿಂಡರಿಗೆ ತುಂಬಿಡಿ. ಅರ್ಧ ಗಂಟೆಯಲ್ಲಿ ಚೆನ್ನಾಗಿ ತಳಕ್ಕೆ ಕೂತು, ಆಮೇಲೆ ಗುಳ್ಳೆ ಬಿಡುತ್ತಾ ಮುದ್ದೆಯಾಗಿ ಮೇಲೆದ್ದರೆ ಅದು ಸಾರಜನಕದ ಅನಿಲ. ಉಳಿದ ನೈಟ್ರೇಟಿನ ಆಟ. ಕಡ್ಡಿ ಆಡಿಸಿದರೆ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಕೂರುವುದೇ ಇಲ್ಲವೆಂದರೆ ದಾರದಂತೆ ಉದ್ದಕ್ಕೆ ಬೆಳೆಯುವ ಬ್ಯಾಕ್ಟೀರಿಯಾ ಹೆಚ್ಚಿರಬಹುದು, ಆಗ ಸಕ್ಕರೆಯನ್ನು ಅನುಮಾನಿಸಿ. ನಾನಂತೂ ಸಕ್ಕರೆ ಆರಿಸುವುದಿಲ್ಲ. ಸ್ಲಡ್ಜ್ ವಿಪರೀತ ಬೆಳೆಯುತ್ತದೆ.

ಇಷ್ಟಾದ ಮೇಲೂ ಇಂಗಾಲ ಬೇಕೆಂದರೆ, ಎಷ್ಟು ದಿನಕ್ಕೆ ಬೇಕು ಅನ್ನುವುದರ ಮೇಲೆ ಆರಿಸಿ. ವರ್ಷವಿಡೀ ಹಾಕುವುದಾದರೆ ಮೆಥನಾಲ್: ಒಂದು ಕಿಲೋ ನೈಟ್ರೇಟ್ ಸಾರಜನಕಕ್ಕೆ ಸುಮಾರು 3 ಕಿಲೋ ಸಾಕು, ಸ್ಲಡ್ಜ್ ಕಡಿಮೆ. ಆದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೇರೆಯೇ ಜಾತಿ. ಬೆಳೆಯಲು ವಾರಗಟ್ಟಲೆ ಬೇಕು, ಚಳಿಯಲ್ಲಿ ಇನ್ನೂ ನಿಧಾನ. ಸುಮಾರು 11 ಡಿಗ್ರಿ ಸೆಲ್ಸಿಯಸ್‌ಗೇ ಮೆಥನಾಲಿನ ಆವಿಗೆ ಕಿಡಿ ತಗುಲಿದರೆ ಬೆಂಕಿ ಹತ್ತುತ್ತದೆ. ಹಾಗಾಗಿ ಟ್ಯಾಂಕು, ಪಂಪು, ವೈರಿಂಗ್ ಎಲ್ಲವೂ ಅದಕ್ಕೆ ತಕ್ಕಂತಿರಬೇಕು. ಆಗಾಗ ಏರುವ ನೈಟ್ರೇಟಿಗೆ ಅಸಿಟೇಟೇ ವಾಸಿ, ಅದನ್ನು ತಿನ್ನುವವು ನಿಮ್ಮ ಸ್ಲಡ್ಜಿನಲ್ಲಿ ಈಗಾಗಲೇ ಇವೆ. ಗ್ಲಿಸರಾಲ್ ಕೂಡ ಆಗುತ್ತದೆ. ಬಯೋಡೀಸೆಲ್ ಘಟಕದ ಕಚ್ಚಾ ಗ್ಲಿಸರಾಲ್ ಆದರೆ ಪ್ರತಿ ಲೋಡಿನ ಸಿಒಡಿ (ಅದರಲ್ಲಿರುವ ಆಹಾರ ಎಷ್ಟೆಂದು ಹೇಳುವ ಅಳತೆ) ಅಳೆಯಿರಿ. ಗ್ಲಿಸರಾಲ್ ಹಾಕಿದಾಗ ಕೆಲಸ ಕೆಲವೊಮ್ಮೆ ಅರ್ಧ ದಾರಿಯಲ್ಲಿ, ನೈಟ್ರೈಟಿನಲ್ಲೇ ನಿಂತುಬಿಡುತ್ತದೆ, ನೈಟ್ರೇಟ್ ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ.

ದಿನಕ್ಕೆ 1,000 ಘನ ಮೀಟರ್ ನೀರಿನಲ್ಲಿ ಲೀಟರಿಗೆ 10 ಮಿ.ಗ್ರಾಂ ನೈಟ್ರೇಟ್ ಸಾರಜನಕ ಇಳಿಸಬೇಕಿದ್ದರೆ ಮೆಥನಾಲ್ 30 ಕಿಲೋ. ಮೊದಲ ದಿನವೇ ಅಷ್ಟನ್ನೂ ಸುರಿಯಬೇಡಿ. ತಿನ್ನುವವು ಬೆಳೆಯುವ ಮೊದಲು ಹಾಕಿದ್ದರಲ್ಲಿ ಉಳಿದದ್ದು ಏರೇಷನ್ ಟ್ಯಾಂಕಿಗೆ ಹೋಗಿ ಗಾಳಿ ತಿನ್ನುತ್ತದೆ, ಅಲ್ಲೂ ಮುಗಿಯದಿದ್ದರೆ ಹೊರನೀರಿನ ಬಿಒಡಿ (ಕೊಳೆಯುವ ವಸ್ತು ಎಳೆದುಕೊಳ್ಳುವ ಆಮ್ಲಜನಕದ ಅಳತೆ) ಏರಿಸುತ್ತದೆ.