ಕೇಳಿದ್ದಕ್ಕೆ ಉತ್ತರ: ಪರದೆಯ ನಟ, ಮೈಕಿನ ಮುಂದೆ

ಪ್ರಶ್ನೆ: ‘ಟೈಟಾನಿಕ್’ ಸಿನಿಮಾದಾಗ ಸರ್ ಕಾಸ್ಮೊ ಡಫ್-ಗಾರ್ಡನ್ ಪಾತ್ರ ಮಾಡಿದ ಮಾರ್ಟಿನ್ ಜಾರ್ವಿಸ್ ಇಂಗ್ಲಿಷ್ ಆಡಿಯೊಬುಕ್ಕನೂ ಓದ್ತಾರಂತ ಮಗಳು ಹೇಳಿದ್ಲು. ಅವರ ಇವರೇನ್ರಿ? ಸಿನಿಮಾ ಬಿಟ್ಟು ಓದೋದಕ್ಕ ಯಾಕ ಹೋದ್ರು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅವರೇ. ಬಿಟ್ಟು ಹೋದದ್ದಲ್ಲ, ನಟನೆ, ರೇಡಿಯೊ, ಓದು ಮೂರನ್ನೂ ಜೊತೆಜೊತೆಗೇ ನಡೆಸಿದವರು. 1941ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿ, ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ ಕಲಿತರು. 1965ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಚಿಟ್ಟೆಯಂಥ ಜೀವಿಯೊಂದರ ವೇಷ ಹಾಕಿದರು. 1967ರ ‘ಫೋರ್ಸೈಟ್ ಸಾಗಾ’ ಟಿವಿ ಧಾರಾವಾಹಿಯಲ್ಲಿ ಜಾನ್ ಆದರು. 2001ರಲ್ಲಿ ಬ್ರಾಡ್ವೇ ರಂಗಭೂಮಿಯಲ್ಲಿ ಜೀವ್ಸ್ ಎಂಬ ಖಾಸಗಿ ಸೇವಕನಾಗಿ ನಿಂತರು. ‘ಟೈಟಾನಿಕ್’ನಲ್ಲಿ ಅವರ ಹೆಂಡತಿಯಾಗಿ ಬರುವ ರೋಸಲಿಂಡ್ ಏರ್ಸ್ ನಿಜಜೀವನದಲ್ಲೂ ಅವರ ಮಡದಿ. ಇಬ್ಬರೂ ಸೇರಿ ರೇಡಿಯೊ ನಾಟಕ ತಯಾರಿಸುವ ಸಂಸ್ಥೆಯನ್ನೇ ಕಟ್ಟಿದ್ದಾರೆ.

ಇಂಗ್ಲೆಂಡಿನಲ್ಲಿ ರೇಡಿಯೊ ಅಂದರೆ ಸಿನಿಮಾ ಸಿಗದವರ ಗತಿಯಲ್ಲ. 2008ರಲ್ಲಿ ಬಿಬಿಸಿ ರೇಡಿಯೊ 4ರ ‘ಡಾಕ್ಟರ್ ನೋ’ ನಾಟಕವನ್ನು ನಿರ್ದೇಶಿಸಿದವರು ಜಾರ್ವಿಸ್. ನಿರೂಪಣೆಯ ದನಿಯೂ ಅವರದೇ. ಅದರಲ್ಲಿ ಜೇಮ್ಸ್ ಬಾಂಡ್ ಆದವರು ಟೋಬಿ ಸ್ಟೀಫನ್ಸ್. 2002ರ ಬಾಂಡ್ ಸಿನಿಮಾದಲ್ಲಿ ಖಳನಾಯಕನಾಗಿದ್ದ ಇವರು ರೇಡಿಯೊದಲ್ಲಿ ನಾಯಕ! ಮೋರೆ ಕಾಣದ ಕಡೆ ಇಂಥ ಅದಲುಬದಲಿಗೆ ಯಾರ ತಕರಾರೂ ಇರುವುದಿಲ್ಲ.

ಓದಿನ ರುಚಿ ಬೇರೆ. 1974ರಲ್ಲಿ ಬಿಬಿಸಿ ಟಿವಿಯ ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಜಾರ್ವಿಸ್‌ಗೆ ಸಿಕ್ಕದ್ದು ಯೂರಾಯ ಹೀಪ್ ಎಂಬ ಒಂದೇ ಪಾತ್ರ. ಅದೇ ಕಾದಂಬರಿಯನ್ನು ಆಡಿಯೊಬುಕ್ಕಿಗೆ ಓದಿದಾಗ ಡೇವಿಡ್, ಅಜ್ಜಿ, ಅಂಬಿಗ, ಹೀಪ್ ಎಲ್ಲರೂ ಅವರೇ. ‘ಜಸ್ಟ್ ವಿಲಿಯಂ’ ಕಥೆಗಳಲ್ಲಂತೂ ಹನ್ನೊಂದು ವರ್ಷದ ಪೋರನಾಗಿ, ತೊದಲು ನುಡಿಯುವ ಪುಟ್ಟ ಹುಡುಗಿಯಾಗಿ ಮಾತಾಡಬೇಕು. ಆ ಓದು ಕೇಳಿ ಬೆಳೆದ ಇಂಗ್ಲಿಷ್ ಕೇಳುಗರಿಗೆ ವಿಲಿಯಂ ಅಂದರೆ ಜಾರ್ವಿಸ್ ದನಿಯೇ.

ಪ್ರಶ್ನೆ: ನಾನು ಹವ್ಯಾಸಿ ನಾಟಕದವನು, ಎರಡು ಸಿನಿಮಾದಲ್ಲೂ ಸಣ್ಣ ಪಾತ್ರ ಮಾಡಿದ್ದೇನೆ. ಕಾದಂಬರಿ ಓದಿ ರೆಕಾರ್ಡ್ ಮಾಡಿದರೆ ಕೇಳಿದವರು ‘ಮಾತು ತಿಳಿಯೂದಿಲ್ಲ’ ಅನ್ನುತ್ತಾರೆ. ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟರೂ ಹೀಗೇಕೆ?
— ಬೆಟಗೇರಿ, ಗದಗ

ಉತ್ತರ: ತಪ್ಪು ದನಿಗಳಲ್ಲಿಲ್ಲ, ವಾಕ್ಯದ ಬಾಲದಲ್ಲಿದೆ. ಕ್ಯಾಮೆರಾ ಹತ್ತಿರ ಬಂದಾಗ ನಟ ಕೊನೆಯ ಎರಡು ಪದ ನುಂಗಿದರೂ ಕಣ್ಣು, ಹುಬ್ಬು ಅರ್ಥ ಮುಟ್ಟಿಸುತ್ತವೆ. ಮೈಕಿಗೆ ಹುಬ್ಬು ಕಾಣುವುದಿಲ್ಲ. ಅದರಲ್ಲೂ ಕನ್ನಡದಲ್ಲಿ ಕ್ರಿಯಾಪದ ಕೂತಿರುವುದೇ ಕೊನೆಗೆ. ‘ಅಂವ ನಾಳೆ ಊರಿಗೆ ಬರ್ತಾನ’, ‘ಅಂವ ನಾಳೆ ಊರಿಗೆ ಬರಂಗಿಲ್ಲ’, ಇವೆರಡರಲ್ಲಿ ಬಾಲ ನುಂಗಿದರೆ ಕಥೆಯೇ ತಿರುಗಿ ಬೀಳುತ್ತದೆ. ಇಂಗ್ಲಿಷ್ ಓದುಗರಿಗೆ ಈ ಕಾಟ ಇಷ್ಟಿಲ್ಲ. ಅವರ ‘ಇಲ್ಲ’ ವಾಕ್ಯದ ನಡುವೆಯೇ ಬಂದುಬಿಡುತ್ತದೆ. ಒಂದು ಪುಟದ ಪ್ರತಿ ವಾಕ್ಯದ ಕೊನೆಯ ಪದಕ್ಕೂ ಪೆನ್ಸಿಲ್ ಗೆರೆ ಹಾಕಿ, ಆ ಪದ ಮುಗಿಯುವ ತನಕ ಉಸಿರು ಉಳಿಯುವ ಹಾಗೆ ಓದಿ. ದನಿ ಏರಿಸಬೇಕಿಲ್ಲ, ಬೀಳಿಸದಿದ್ದರೆ ಸಾಕು. ಉಸಿರು ಸಾಲದಿದ್ದರೆ ಉದ್ದ ವಾಕ್ಯದಲ್ಲಿ ‘ಬಂದು’, ‘ನೋಡಿ’ ಎಂಬಂಥ ಪದದ ನಂತರ ಸಣ್ಣ ಉಸಿರು ತೆಗೆದುಕೊಳ್ಳಿ. ಕ್ರಿಯಾಪದದ ಮುಂಚೆ ಮಾತ್ರ ಬೇಡ.

ಇನ್ನು ಪಾತ್ರಗಳ ದನಿ. ಗದಗಿನವರಿಗೆ ಇದು ಹೇಳಿಕೊಡುವ ವಿಷಯವಲ್ಲ. ಕುಮಾರವ್ಯಾಸ ಭಾರತ ವಾಚಿಸುವ ಗಮಕಿ ಭೀಮನಿಗೊಂದು, ದ್ರೌಪದಿಗೊಂದು ಗಂಟಲು ತರುವುದಿಲ್ಲ. ರಾಗ, ನಡೆ ಬದಲಿಸಿ ಮಾತು ಯಾರದೆಂದು ತಿಳಿಸುತ್ತಾರೆ. ಗದ್ಯ ಓದುವವರಿಗೆ ರಾಗವಿಲ್ಲ, ಆದರೆ ಶ್ರುತಿ, ವೇಗ, ಬಾಯಿ ತೆರೆಯುವ ಅಳತೆ ಇವೆ. ಒಂದು ಪಾತ್ರಕ್ಕೆ ಇವುಗಳಲ್ಲಿ ಒಂದನ್ನೇ ಬದಲಿಸಿ, ಹೆಚ್ಚೆಂದರೆ ಎರಡು. ಗಂಡಸರು ಹೆಣ್ಣು ಪಾತ್ರಕ್ಕೆ ಕೀರಲು ದನಿ ತೆಗೆಯಲೇಬೇಡಿ, ನಗೆಪಾಟಲಾಗುತ್ತದೆ. ಸ್ವಲ್ಪ ಮೆತ್ತಗೆ, ಹಗುರಾಗಿ ಓದಿದರೆ ಆಯಿತು.

ಪುಸ್ತಕ ಪೂರ್ತಿ ಓದದೆ ರೆಕಾರ್ಡಿಂಗಿಗೆ ಕೂಡಬಾರದು. ಮೊದಲ ಅಧ್ಯಾಯದಲ್ಲಿ ಎರಡೇ ಮಾತಾಡಿದ ಮುದುಕನಿಗೆ ಗೊಗ್ಗರು ದನಿ ಕೊಟ್ಟಿರುತ್ತೀರಿ. ಒಂಬತ್ತನೆಯ ಅಧ್ಯಾಯದಲ್ಲಿ ಅವನೇ ನಲವತ್ತು ಪುಟ ಮಾತಾಡಲು ನಿಂತರೆ ನಿಮ್ಮ ಗಂಟಲು ಹರಿಯುತ್ತದೆ. ಪ್ರತಿ ಪಾತ್ರದ 10 ಸೆಕೆಂಡ್ ಮಾದರಿಯನ್ನು ಬೇರೆ ಫೈಲಿನಲ್ಲಿ ಇಟ್ಟುಕೊಂಡು, ಆ ಪಾತ್ರ ಮತ್ತೆ ಬಂದಾಗ ಮೊದಲು ಅದನ್ನು ಕೇಳಿ.

ಪ್ರಶ್ನೆ: ಮನೆಯಲ್ಲೇ ಓದಿದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಹಳೇ ಮನೆ, ಶಹಾಬಾದ್ ಫರ್ಸಿ, ಎತ್ತರದ ಮಾಳಿಗೆ. ಸ್ಟುಡಿಯೊ ಬಾಡಿಗೆ ಕೊಡುವ ಶಕ್ತಿಯಿಲ್ಲ. ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನೂ ತಿಳಿಸಿ.
— ಸಾಧನಕೇರಿ, ಧಾರವಾಡ

ಉತ್ತರ: ಫರ್ಸಿ, ಗಿಲಾವಿನ ಗೋಡೆ ಎರಡೂ ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಅದಕ್ಕೆ ಮದ್ದು ನಿಮ್ಮ ಟ್ರಂಕಿನಲ್ಲೇ ಇದೆ: ಕೌದಿ. ಹಳೆಯ ಸೀರೆ, ಧೋತ್ರ ಪದರುಪದರಾಗಿ ಸೇರಿಸಿ ಹೊಲಿದ ದಪ್ಪ ಕೌದಿ ಪೇಟೆಯ ತೆಳು ಸ್ಪಂಜಿಗಿಂತ ಚೆನ್ನಾಗಿ ದನಿ ಹೀರುತ್ತದೆ. ಬಹಳ ಮಂದಿ ಅದನ್ನು ಮೈಕಿನ ಹಿಂದಷ್ಟೇ ಕಟ್ಟಿ ಸುಮ್ಮನಾಗುತ್ತಾರೆ. ಮೈಕಿನ ಮುಖ ಇರುವುದು ನಿಮ್ಮ ಕಡೆ, ಅದಕ್ಕೆ ಕೇಳುವುದು ನಿಮ್ಮ ಬೆನ್ನ ಹಿಂದಿನ ಗೋಡೆ. ಆದ್ದರಿಂದ ಮೊದಲ ಕೌದಿ ನಿಮ್ಮ ಬೆನ್ನ ಹಿಂದೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಳಿಬಿಡಿ. ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ, ಕಾಲಡಿ ಒಂದು ಜಮಖಾನ. ಮೇಜಿನ ಮೇಲೂ ಟವೆಲ್ ಹಾಸಿ.

ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಮೈಕನ್ನು ಬಾಯಿಗೆ ನೇರ ಇಡದೆ ತುಸು ಪಕ್ಕಕ್ಕೆ ಸರಿಸಿ. ಪ, ಬ ಹೇಳುವಾಗ ಉಸಿರು ಸಿಡಿಯುತ್ತದೆ. ಫ, ಭ ಬಂದರಂತೂ ‘ಢಬ್’ ಎಂದು ಗುದ್ದಿದ ಸದ್ದು. ಅಂಗೈ ಬಾಯಿ ಮುಂದೆ ಹಿಡಿದು ‘ಭೀಮ’ ಅನ್ನಿ, ಗಾಳಿ ಎಲ್ಲಿಗೆ ತಾಕುತ್ತದೆ ಗೊತ್ತಾಗುತ್ತದೆ. ಮೈಕ್ ಅಲ್ಲಿರಬಾರದು. ಫ್ಯಾನು, ಫ್ರಿಜ್ ಬಂದ್ ಮಾಡಿ. ಬಳೆ, ಗಂಜಿ ಹಾಕಿದ ಬಟ್ಟೆ ಬೇಡ. ಮಳೆಗಾಲದಲ್ಲಿ ಪಕ್ಕದ ಮನೆಯ ತಗಡಿನ ಸದ್ದು ನಿಲ್ಲುವ ತನಕ ಕಾಯದೆ ಗತಿಯಿಲ್ಲ.

ತಪ್ಪಾದರೆ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಓದಿ. ಸಂಕಲನಕ್ಕೆ ಕೂತಾಗ ಪರದೆಯ ಮೇಲೆ ಚಪ್ಪಾಳೆ ಮೊಳೆಯ ಹಾಗೆ ಎದ್ದು ಕಾಣುತ್ತದೆ. ಹಾಳೆ ನೋಡಿ ಓದುವವರು ಪಿನ್ ತೆಗೆದು ಬಿಡಿ ಹಾಳೆ ಮಾಡಿಕೊಳ್ಳಿ, ಮಗುಚದೆ ಪಕ್ಕಕ್ಕೆ ಎತ್ತಿಡಿ. ಹಾಳೆ ಎತ್ತಿಡುವಾಗ ಬಾಯಿ ಮುಚ್ಚಿರಲಿ. ಪ್ರತಿ ದಿನ ಕೊನೆಗೆ ಅರ್ಧ ನಿಮಿಷ ಸುಮ್ಮನೆ ಕೂತು ಕೋಣೆಯ ಮೌನ ರೆಕಾರ್ಡ್ ಮಾಡಿ. ಕತ್ತರಿಸಿದ ಜಾಗಕ್ಕೆ ಇದನ್ನೇ ತುಂಬಬೇಕು. ಬರೀ ಖಾಲಿ ಬಿಟ್ಟರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ.

ದಿನದ ಲೆಕ್ಕ: ಇಂಗ್ಲಿಷಿನಲ್ಲಿ ತಾಸಿಗೆ ಸುಮಾರು 9,000 ಪದ ಎಂದು ಹಿಡಿಯುತ್ತಾರೆ. ನಮ್ಮ ಪದಗಳು ಉದ್ದ, ಆ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಐದು ಪುಟ ಓದಿ ಗಡಿಯಾರ ನೋಡಿ. 12 ನಿಮಿಷ ಆದರೆ 200 ಪುಟಕ್ಕೆ 8 ತಾಸಿನ ಆಡಿಯೊ. ರೆಕಾರ್ಡಿಂಗಿಗೆ ಅದರ ದುಪ್ಪಟ್ಟು, 16 ತಾಸು. ದಿನಕ್ಕೆ ಮೂರು ತಾಸಿನ ಮೇಲೆ ಗಂಟಲು ಒಪ್ಪುವುದಿಲ್ಲವಾದ್ದರಿಂದ ಆರು ದಿನ ಬೇಕು. ಸಂಕಲನಕ್ಕೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ಪ್ರಶ್ನೆ: ಆಡಿಯೊಬುಕ್ಕಿನವರಿಗೆ ಫೈಲ್ ಕಳಿಸಿದರೆ ‘ಗದ್ದಲ ಜಾಸ್ತಿ’ ಎಂದು ವಾಪಸ್ ಬಂತು. ಗದ್ದಲ ತೆಗೆದು ಕಳಿಸಿದರೆ ‘ದನಿ ಕೆಟ್ಟಿದೆ’ ಎಂದು ಮತ್ತೆ ವಾಪಸ್.
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಸಣ್ಣ ದನಿಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ದನಿ ಏರಿಸಿದ್ದೀರಿ. ದನಿಯ ಜೊತೆ ಗದ್ದಲವೂ ಅಷ್ಟೇ ಏರುತ್ತದೆ. ಅದನ್ನು ಸಾಫ್ಟ್‌ವೇರಿನಿಂದ ಒರೆಸಲು ಹೋದಾಗ ಸ, ಶ ಅಕ್ಷರಗಳೂ ಒರೆಸಿಹೋಗಿ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಇಂಗ್ಲಿಷ್ ಆಡಿಯೊಬುಕ್ಕಿನವರ ಎಸಿಎಕ್ಸ್ (ಆಡಿಯೊಬುಕ್ ಮಾಡಿ ಮಾರಲು ಅಮೆಜಾನ್ ಬಳಗದ ಜಾಲತಾಣ) ಅಳತೆ ಹೀಗಿದೆ: ಸರಾಸರಿ ದನಿ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ಒಳಗೆ, ಅತಿ ಎತ್ತರದ ತುದಿ ಮೈನಸ್ 3 ದಾಟಬಾರದು, ಮೌನದ ಗದ್ದಲ ಮೈನಸ್ 60ಕ್ಕಿಂತ ಕೆಳಗೆ. ಮೌನ ಮೈನಸ್ 50 ತೋರಿಸಿದರೆ ಕೋಣೆ ಸರಿ ಮಾಡಿ, ಫೈಲನ್ನಲ್ಲ.

ಪ್ರಶ್ನೆ: ಗಳಗನಾಥರ ಕಾದಂಬರಿ ಓದಿ ಹಾಕಬಹುದೇ? ಬೇಂದ್ರೆಯವರ ಕವಿತೆ?
— ಹಾವೇರಿ

ಉತ್ತರ: ನಮ್ಮ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರು ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಆದ್ದರಿಂದ ಓದಬಹುದು. ಹೊಸ ಆವೃತ್ತಿಯ ಮುನ್ನುಡಿ, ಟಿಪ್ಪಣಿ ಮಾತ್ರ ಬೇರೆಯವರ ಸ್ವತ್ತು, ಅವನ್ನು ಬಿಡಿ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. 2041 ಮುಗಿಯುವ ತನಕ ಅನುಮತಿ ಬೇಕು.

ಪ್ರಶ್ನೆ: ಓದುವಾಗ ಬಾಯಿಂದ ‘ಚಪ್ ಚಪ್’ ಸದ್ದು ಬರ್ತದ. ಏನ್ ಮಾಡ್ಬೇಕ್ರಿ?
— ಸಪ್ತಾಪುರ, ಧಾರವಾಡ

ಉತ್ತರ: ಬಾಯಿ ಒಣಗಿದರೂ ಬರುತ್ತದೆ, ಅಂಟಾದರೂ ಬರುತ್ತದೆ. ಕೂಡುವ ಒಂದು ತಾಸು ಮುಂಚಿನಿಂದ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಹಸಿರು ಸೇಬಿನ ಒಂದು ಹೋಳು ಜಗಿದರೆ ಅಂಟು ಬಿಡುತ್ತದೆ. ಹಾಲು, ಮೊಸರು, ಚಹಾ ಬೇಡ. ಫೇಡಾ ಅಂತೂ ಆ ದಿನದ ಓದು ಮುಗಿದ ಮೇಲೆಯೇ.