ಕಾಟ್ಸ್‌ವೋಲ್ಡ್ಸ್ ಮನೆಯ ಕಲ್ಲು ಉದುರುತ್ತಿರುವುದಕ್ಕೆ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಪ್ರದೇಶದ ನಿಮ್ಮ ಮನೆಯಲ್ಲಿ ಗಾರೆ ಗಟ್ಟಿಯಾಗೇ ನಿಂತು ಸುತ್ತಲ ಕಲ್ಲು ಮಾತ್ರ ಪುಡಿಯಾಗಿ ಉದುರುತ್ತಿದೆ ಅಂದಿರಲ್ಲ, ಬಹುಶಃ ಹಿಂದೆ ಯಾರೋ ಸಂದುಗಳಿಗೆ ತುಂಬಿಸಿದ ಸಿಮೆಂಟೇ ಕಾರಣ. ಅಲ್ಲಿಯ ಸುಣ್ಣಕಲ್ಲು ಮೆತ್ತಗಿನದು. ಗೋಡೆಯ ತೇವ ಮೊದಲು ಸುಣ್ಣದ ಗಾರೆಯಿಂದ ಆರಿಹೋಗುತ್ತಿತ್ತು. ಸಿಮೆಂಟು ತೇವವನ್ನು ಹೊರಬಿಡದ್ದರಿಂದ ಅದು ಈಗ ಕಲ್ಲಿನಲ್ಲೇ ನಿಂತು, ಚಳಿಗೆ ಹೆಪ್ಪುಗಟ್ಟಿ ಕಲ್ಲನ್ನು ಒಡೆಯುತ್ತದೆ.

ಮೊದಲು ಸೂರಿನ ನೀರಿನ ಪೈಪು ಸೋರುತ್ತಿದೆಯಾ ನೋಡಿ, ಸೋರುತ್ತಿದ್ದರೆ ಅರ್ಧ ತಪ್ಪು ಅದರದೇ ಇರಬಹುದು. ಮನೆ ಗ್ರೇಡ್ 2 ಪಟ್ಟಿಯಲ್ಲಿ, ಅಂದರೆ ಕಾನೂನಿನ ರಕ್ಷಣೆ ಇರುವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ ಅಂದಮೇಲೆ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಕನ್ಸರ್ವೇಶನ್ ಆಫೀಸರ್‌ಗೆ, ಅಂದರೆ ಇಂಥ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿಗೆ, ಬರೆಯದೆ ಕೈ ಹಾಕಬೇಡಿ. ಬೇಕಾದ ಒಪ್ಪಿಗೆ ಇಲ್ಲದೆ ಮಾಡಿದರೆ ಅಪರಾಧ. ಆಮೇಲೆ ಉಳಿ, ಸುತ್ತಿಗೆಯಿಂದ ಸಿಮೆಂಟು ಬಿಡಿಸಿ. ಗ್ರೈಂಡರ್ ಬೇಡವೇ ಬೇಡ, ಕಲ್ಲಿನ ಅಂಚು ಹೋದರೆ ಮತ್ತೆ ಬರುವುದಿಲ್ಲ. ಸಂದಿಗೆ ನೀರು ಚಿಮುಕಿಸಿ ಸುಣ್ಣ-ಮರಳಿನ ಗಾರೆ ತುಂಬಿ, ಒದ್ದೆ ಗೋಣಿತಾಟು ಇಳಿಬಿಡಿ. 5 ಡಿಗ್ರಿಗಿಂತ ತಣ್ಣಗಿರುವ ದಿನಗಳಲ್ಲಿ ಗಾರೆ ಕೆಲಸ ಹಿಡಿಯಬೇಡಿ.